ಅಂಕಿ ತಿದ್ದಿದರೆ ಗೆರೆ ಬೆಳೆಯುವುದಿಲ್ಲ

ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಸಮರೂಪತೆಯ ಪಾಠ. ಬಿ.ಇ. ಮುಗಿಸಿ ಬಿ.ಎಡ್.ಗೆ ಬಂದಿರುವ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಅದೇ ತರಗತಿ ಕೋಣೆಯ ನಕ್ಷೆಯನ್ನು ಆಟೋಕ್ಯಾಡ್‌ನಲ್ಲಿ ಬರೆದು ತಂದಿದ್ದರು. ಒಳ್ಳೆಯ ಬೋಧನೋಪಕರಣ. ಕೈಚಿತ್ರದ ಮೇಲೆ ಗೆರೆ ಎಳೆದಿದ್ದರಿಂದ ಕೋಣೆಯ ಉದ್ದ ಪರದೆಯಲ್ಲಿ 4.8 ಮೀಟರ್ ಬಂದಿತ್ತು. ಮಕ್ಕಳು ಟೇಪು ಹಿಡಿದು ಅಳೆದದ್ದು 6 ಮೀಟರ್. ಅವರು ಸ್ಕೇಲ್ ಆದೇಶ ಕೊಟ್ಟು, ಮೌಸ್ ಸರಿಸುತ್ತ ಚಿತ್ರವನ್ನು ಹಿಗ್ಗಿಸಿದರು. 5.97ಕ್ಕೆ ನಿಂತಿತು. ಆ ಅಂಕಿಯನ್ನು ಅಳಿಸಿ 6.00 ಎಂದು ಬರೆದರು.

ಮುಂದಿನ ಸಾಲಿನ ಹುಡುಗಿ ಕೈಯೆತ್ತಿದಳು: ‘ಸರ್, ಗೆರೆ ಹಾಗೇ ಇದೆಯಲ್ಲ?’

‘ಅಷ್ಟು ವ್ಯತ್ಯಾಸ ನಡೆಯುತ್ತೆ, ಕೂತ್ಕೊಳಮ್ಮ.’

ಮೂರು ಸೆಂಟಿಮೀಟರಿಗೆ ನಾನು ಅಂಕ ಕಳೆಯಲಿಲ್ಲ. ಅಂಕಿ ತಿದ್ದಿದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ಆ ಹುಡುಗಿಯನ್ನು ಕೂರಿಸಿದ್ದಕ್ಕೆ ಕಳೆದೆ. ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಅತಿ ಎನ್ನಿಸಿತು. ನನಗೆ ಹಾಗೆ ಅನ್ನಿಸುವುದಿಲ್ಲ. ಈ ತಂತ್ರಾಂಶದಲ್ಲಿ ಅಳತೆಯ ಅಂಕಿ ಗೆರೆಗೆ ಅಂಟಿಕೊಂಡಿರುತ್ತದೆ. ಗೆರೆ ಬೆಳೆದರೆ ಅಂಕಿಯೂ ಬದಲಾಗುತ್ತದೆ. ಒಮ್ಮೆ ಕೈಯಿಂದ ಬರೆದುಬಿಟ್ಟರೆ ಆ ನಂಟು ಕಡಿಯಿತು. ನಾಳೆ ಗೆರೆ 7 ಮೀಟರ್ ಆದರೂ ಅಂಕಿ 6.00 ಎಂದೇ ಹೇಳುತ್ತಿರುತ್ತದೆ. ನಮ್ಮ ಕಡೆ ಮನೆ ಕಟ್ಟುವಾಗ ಆಯ ನೋಡುವವರು ಇಂದಿಗೂ ಇದ್ದಾರೆ. ಎಂಟರಿಂದ ಭಾಗಿಸಿ ಉಳಿದ ಶೇಷದ ಮೇಲೆ ನಿಂತ ಲೆಕ್ಕ ಅದು. ನಂಬುವುದು ಬಿಡುವುದು ಬೇರೆ ಮಾತು, ಆದರೆ ಅಲ್ಲಿ ಯಾವ ಆಚಾರಿಯೂ ‘ಅಷ್ಟು ನಡೆಯುತ್ತೆ’ ಎನ್ನುವುದಿಲ್ಲ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಸ್ಕೇಲ್ ಆದೇಶ ಕೊಟ್ಟು, ಅಲುಗಬಾರದ ಮೂಲೆಯನ್ನು ಆಧಾರಬಿಂದುವಾಗಿ ಆರಿಸಿ, ರೆಫರೆನ್ಸ್ ಆಯ್ಕೆಗೆ ಆರ್ ಒತ್ತಬೇಕು. ಗೋಡೆಯ ಎರಡು ತುದಿಗಳನ್ನು ತೋರಿಸಿದರೆ ಈಗಿನ ಉದ್ದ ಅದಕ್ಕೆ ತಿಳಿಯುತ್ತದೆ. ಆಮೇಲೆ 6 ಎಂದು ಕೊಟ್ಟರೆ ಸಾಕು. ಆದರೆ ನನ್ನ ತಕರಾರು ಇಲ್ಲಿಯೂ ಇದೆ. 6ನ್ನು 4.8ರಿಂದ ಭಾಗಿಸಿ 1.25 ಪಡೆಯುವುದೇ ಆ ದಿನದ ಪಾಠ; ಅದನ್ನು ತಂತ್ರಾಂಶ ಸದ್ದಿಲ್ಲದೆ ಮಾಡಿಬಿಟ್ಟರೆ ಮಕ್ಕಳಿಗೆ ಉಳಿಯುವುದು ನೋಡುವ ಕೆಲಸ ಮಾತ್ರ. ಮೊದಲು ನೋಟುಪುಸ್ತಕದಲ್ಲಿ ಭಾಗಾಕಾರ, ಆ ಗುಣಕವನ್ನು ಕೊಟ್ಟು ಹಿಗ್ಗಿಸುವುದು ನಂತರ, ರೆಫರೆನ್ಸ್ ಕೊನೆಗೆ, ತಾಳೆ ನೋಡಲಿಕ್ಕೆ. ಕಂಪ್ಯೂಟರ್ ಇಲ್ಲದ ಶಾಲೆಯಲ್ಲಿ, ಮಳೆಗಾಲದಲ್ಲಿ ಕರೆಂಟಿಲ್ಲದ ದಿನ, ಗ್ರಾಫ್ ಹಾಳೆಯಲ್ಲೂ ಇದೇ ಕ್ರಮ ನಡೆಯುತ್ತದೆ.

ಸಾಗರಕ್ಕೆ ಮರಳುವ ಬಸ್ಸಿನಲ್ಲಿ ಇದನ್ನೆಲ್ಲ ಅವರೊಂದಿಗೆ ಮಾತಾಡಿದೆ. ಮೊದಲು ಬೇಸರಪಟ್ಟರು, ಆಮೇಲೆ ಪಾಠ ಯೋಜನೆ ತೆಗೆದು ಗುರುತು ಹಾಕಿಕೊಂಡರು. ಮುಂದಿನ ವಾರ ತೀರ್ಥಹಳ್ಳಿ ತಾಲ್ಲೂಕಿನ ಶಾಲೆಯಲ್ಲಿ ಅದೇ ಪಾಠವನ್ನು ಬೇರೆಯಾಗಿ ಮಾಡಿದರು. 1.25 ಮಕ್ಕಳ ಬಾಯಿಂದಲೇ ಬಂತು. ಪರದೆಯಲ್ಲಿ 6.00 ತಾನಾಗಿ ಮೂಡಿದಾಗ ಚಪ್ಪಾಳೆಯೂ ಬಿತ್ತು. ಆಗ ಅವರು, ‘ಈ ಕೋಣೆಯನ್ನು ಏಳೂವರೆ ಮೀಟರಿಗೆ ಉದ್ದ ಮಾಡಬೇಕು, ಏನು ಮಾಡೋಣ?’ ಎಂದು ಕೇಳಿದರು. ಮಕ್ಕಳು ಮತ್ತೆ 1.25 ಎಂದರು. ಹಾಗೆಯೇ ಹಿಗ್ಗಿಸಿದರು. ಉದ್ದ 7.50 ಆಯಿತು. ಜೊತೆಗೆ 90 ಸೆಂಟಿಮೀಟರ್ ಬಾಗಿಲು 112.5 ಆಯಿತು, ಕೋಣೆಯ ಅಗಲವೂ ಬೆಳೆಯಿತು, 23 ಸೆಂಟಿಮೀಟರ್ ಗೋಡೆ 28.75ಕ್ಕೆ ದಪ್ಪವಾಯಿತು.

‘ಬಾಗಿಲು ಯಾಕೆ ದೊಡ್ಡದಾಯ್ತು ಸರ್?’ ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಸಮರೂಪತೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ಚರ್ಚೆ ಅಲ್ಲಿಂದ ಶುರುವಾಯಿತು. ಒಂದು ಬದಿಯನ್ನಷ್ಟೇ ಎಳೆಯುವ ಸ್ಟ್ರೆಚ್ ಆದೇಶವನ್ನು ತೋರಿಸುವ ಹೊತ್ತಿಗೆ ಗಂಟೆ ಹೊಡೆಯಿತು. ಪಾಠ ಮುಗಿದಿರಲಿಲ್ಲ. ವೀಕ್ಷಣಾ ಪುಸ್ತಕದ ‘ಸಮಯ ನಿರ್ವಹಣೆ’ ಕಾಲಂನಲ್ಲಿ ನಾನು ಏನೂ ಬರೆಯಲಿಲ್ಲ.