ಗುಲಗಂಜಿ ತೂಕದ ಜಾಣ್ಮೆ

ಪೋಕರ್ ಎಂಬ ಇಸ್ಪೀಟಾಟದ ಪರವಾಗಿ ಒಂದು ವಾದವುಂಟು: ಅದು ಅದೃಷ್ಟದ ಆಟವಲ್ಲ, ಜಾಣ್ಮೆಯ ಆಟ, ಆದುದರಿಂದ ಜೂಜಲ್ಲ. ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು ೧೯೬೭ರಲ್ಲಿ ಹೇಳಿತು. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡವೆಂದು ನಮ್ಮ ಹೈಕೋರ್ಟು ೨೦೧೩ರಲ್ಲಿ ಹೇಳಿತು. ನಂಜನಗೂಡಿನ ತರುಣರೂ ನರಸೀಪುರದ ಮಿತ್ರರೂ ಇದನ್ನೇ ನನಗೆ ಒಪ್ಪಿಸುತ್ತಾರೆ. ಜಾಣ್ಮೆ ಉಂಟೆಂದು ನಾನೂ ಒಪ್ಪುತ್ತೇನೆ. ನನ್ನ ತಕರಾರು ಹುಟ್ಟುವುದೇ ಅಲ್ಲಿ.

ಎಷ್ಟು ಜಾಣ್ಮೆ? ನಾಲ್ಕು ಆಟೀನು ಕಂಡು, ಕಡೆಯ ಎಲೆಯೂ ಆಟೀನೇ ಬರಲೆಂದು ಕಾಯುವವನಿಗೆ ಕಾಣದ ೪೬ ಎಲೆಗಳಲ್ಲಿ ೯ ಮಾತ್ರ ಆಸರೆ. ಒಂದು ರೂಪಾಯಿ ಕಟ್ಟಲು ಕಣದಲ್ಲಿ ಐದಿದ್ದರೆ ಕಟ್ಟಬಹುದು. ಮೂರೇ ಇದ್ದರೆ ಎಲೆ ಕೆಳಗಿಡಬೇಕು. ಇದು ಲೆಕ್ಕ. ಆದರೆ ಜೋಡಿ ಎಕ್ಕ ಹಿಡಿದವನೂ ಒಬ್ಬನೇ ಎದುರಾಳಿಯ ಮುಂದೆ ನೂರಕ್ಕೆ ಸುಮಾರು ೧೫ ಸಲ ಸೋಲುತ್ತಾನೆ. ನರಸೀಪುರದ ಗುಂಜಾ ನರಸಿಂಹನ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ನಂಬಿಕೆ. ಪೋಕರಿನ ಜಾಣ್ಮೆಯೂ ಗುಲಗಂಜಿ ತೂಕದ್ದೇ. ಸಾವಿರಾರು ಆಟಗಳಲ್ಲಿ ತಕ್ಕಡಿ ವಾಲೀತು, ಒಂದು ರಾತ್ರಿಯಲ್ಲಲ್ಲ. ಆ ರಾತ್ರಿ ಗೆದ್ದವನು ತನ್ನ ಬುದ್ಧಿಯೆನ್ನುತ್ತಾನೆ, ಸೋತವನು ಗ್ರಹಚಾರವೆಂದು ಮತ್ತೆ ಕೂರುತ್ತಾನೆ.

ಇನ್ನು, ಅದೃಷ್ಟಕ್ಕೆ ಪಕ್ಷಪಾತವಿಲ್ಲ. ಜಾಣ್ಮೆಗೆ ಉಂಟು. ಜಾಣ್ಮೆ ಹೆಚ್ಚಿದಷ್ಟೂ ದುಡ್ಡು ಅರಿಯದವನ ಕಿಸೆಯಿಂದ ಅರಿತವನ ಕಿಸೆಗೇ ಹರಿಯುತ್ತದೆ. ಆಡಿಸುವವನ ಪಾಲು ಬೇರೆ. ಅಂದಮೇಲೆ 'ಜಾಣ್ಮೆಯ ಆಟ' ಎಂಬುದು ಬಿಡುಗಡೆಯ ತೀರ್ಪಲ್ಲ, ಆರೋಪಪಟ್ಟಿ. ಋತುಪರ್ಣನಿಂದ ಅಕ್ಷಹೃದಯ ಕಲಿತ ನಳ ಪುಷ್ಕರನನ್ನು ಗೆದ್ದ. ಗೆದ್ದಮೇಲೆ ಅವನ ಪಾಲನ್ನು ಹಿಂತಿರುಗಿಸಿದ. ನಮ್ಮ ಪೋಕರ್ ಪಂಡಿತರಲ್ಲಿ ಅಂಥ ನಳ ಯಾರು?

ಹಣ ಕಟ್ಟದೆ ಆಡಿದರೆ ಹೆದರಿಕೆಯಿಲ್ಲ, ಹೆದರಿಕೆಯಿಲ್ಲದೆ ಹುಸಿ ಧೈರ್ಯ ತೋರಿಸಿ ಎದುರಾಳಿಯನ್ನು ಏಳಿಸಲಾಗದು ಎನ್ನುತ್ತಾರೆ. ಸರಿಯೇ. ಹಾಗಾದರೆ ಈ ಮನಶ್ಶಾಸ್ತ್ರದ ಬಂಡವಾಳ ಯಾವುದು? ನಂಜನಗೂಡಿನ ಕಾರ್ಖಾನೆಯ ಹುಡುಗನ ತಿಂಗಳ ಸಂಬಳ, ನರಸೀಪುರದ ರೈತನ ಬತ್ತದ ದುಡ್ಡು, ಅದು ಹೋದೀತೆಂಬ ಭಯ.

೨೦೨೫ರಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವಾಗ, ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಬದಿಗಿಟ್ಟಿತು. ಅದು ಸರಿಯೆಂದೇ ನನ್ನ ಮತ. ಆದರೆ ಕಾನೂನು ಜಗಲಿಯ ಮೇಲಿನ ಮನಸ್ಸನ್ನು ತಿದ್ದಲಾರದು. ಅಲ್ಲಿಗೆ ನನ್ನದೊಂದು ಪರೀಕ್ಷೆ: ಹುಣಸೆಬೀಜ ಕಟ್ಟಿ ಆಡಿ. ಜಾಣ್ಮೆಯೇ ನಿಮ್ಮ ಸುಖವಾದರೆ ಬೀಜ ಸಾಕು. ಸಾಲದೆನ್ನುವವರು ದಯವಿಟ್ಟು ಜಾಣ್ಮೆಯ ಹೆಸರೆತ್ತದಿರಲಿ.