ಬೋರ್ಡು ನೋಡಬೇಡಿ, ಬಾಣಲೆ ನೋಡಿ

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಇಳಿದ ಪರಸ್ಥಳದವರು ಕೇಳುವ ಮೊದಲ ಪ್ರಶ್ನೆ, ಹಂಪಿಗೆ ಬಸ್ಸು ಎಷ್ಟೊತ್ತಿಗೆ? ಎರಡನೆಯದು, "ಇಲ್ಲಿ ತಿನ್ನಾಕ ಚಲೋದು ಎಲ್ಲಿ ಸಿಗತೈತ್ರೀ?" ಮೊದಲನೆಯದಕ್ಕೆ ಕಂಡಕ್ಟರ್ ಉತ್ತರ ಕೊಡುತ್ತಾನೆ. ಎರಡನೆಯದಕ್ಕೆ ಉತ್ತರ ಹೇಳಬೇಕಾದ ಊರಿನವರು ಮಾತ್ರ ಗಾಜಿನ ಬಾಗಿಲಿನ, ದೊಡ್ಡ ಬೋರ್ಡಿನ ಹೋಟೆಲಿನ ಕಡೆ ಕೈ ತೋರಿಸುತ್ತಾರೆ. ತಾವು ಹೋಗಿ ತಳ್ಳುಗಾಡಿಯ ಮುಂದೆ ನಿಂತು ಒಗ್ಗರಣೆ-ಮಿರ್ಚಿ ತಿನ್ನುತ್ತಾರೆ. ಬಂದವರಿಗೆ ಬೋರ್ಡು, ಊರವರಿಗೆ ರುಚಿ. ಇದೆಂಥ ಅತಿಥಿ ಸತ್ಕಾರವೋ ವಿರೂಪಾಕ್ಷನೇ ಬಲ್ಲ!

2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ಹೊಸಪೇಟೆ ಅದಕ್ಕೆ ಕೇಂದ್ರವಾಯಿತು. ಕಚೇರಿಗಳು ಬಂದವು, ಕಚೇರಿಗೆ ಅಲೆಯುವ ಜನವೂ ಬಂದರು. ದೊಡ್ಡ ಊರುಗಳಲ್ಲಿ ಇರುವ ಹಾಗೆ ಇಲ್ಲಿಯೂ ಒಂದು 'ಫುಡ್ ಕೋರ್ಟ್' ಬೇಕು ಎಂಬ ಮಾತು ಚಹಾದಂಗಡಿಗಳಲ್ಲಿ ಹುಟ್ಟುವುದು ಸಹಜ. ಒಂದೇ ಸೂರಿನ ಕೆಳಗೆ ಚೀನಾದ ನೂಡಲ್ಸು, ಟಿಬೆಟಿನ ಮೋಮೋ, ಉತ್ತರದ ಚಾಟು, ದಕ್ಷಿಣದ ದೋಸೆ. ಆಗಲಿ, ಬೇಡ ಅನ್ನುವವರು ಯಾರು? ಆದರೆ ಅಷ್ಟೆಲ್ಲ ಇಟ್ಟ ಕಡೆ ಒಳ್ಳೆಯ ತಿಂಡಿ ಯಾವುದೆಂದು ಗುರುತಿಸುವುದು ಹೇಗೆ? ಈಗ ಬೀದಿಯಲ್ಲಿ ನಿಂತಿರುವ ಗಾಡಿಯವನ ಗತಿ ಏನು? ಇವು ಎರಡು ಪ್ರಶ್ನೆಗಳಂತೆ ಕಾಣುತ್ತವೆ. ನೋಡುತ್ತ ಹೋದರೆ ಎರಡೂ ಒಂದೇ.

ಯಾವುದು ನಮ್ಮೂರದು, ಯಾವುದು ಪರದೇಶದ್ದು?

"ನೂಡಲ್ಸ್ ಚೀನಾದ್ದು, ಮಿರ್ಚಿ ನಮ್ಮದು" ಎಂದು ಎದೆ ತಟ್ಟಿಕೊಳ್ಳುವವರು ಸ್ವಲ್ಪ ಇತಿಹಾಸವನ್ನೂ ನೋಡಬೇಕು. 1520ರ ಸುಮಾರಿಗೆ, ಕೃಷ್ಣದೇವರಾಯ ಆಳುತ್ತಿದ್ದಾಗ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರದ ಪೇಟೆ ನೋಡಿ ದಂಗಾಗಿ ಬರೆದಿಟ್ಟಿದ್ದಾನೆ. ಅಕ್ಕಿ, ಗೋಧಿ, ಜೋಳ, ಹೆಸರು, ಹುರಳಿ, ದ್ರಾಕ್ಷಿ, ನಿಂಬೆ, ದಾಳಿಂಬೆ, ಮಾವು ಎಲ್ಲವೂ ಅಗ್ಗ, ಎಲ್ಲವೂ ರಾಶಿ ರಾಶಿ. ಆದರೆ ಇಂದು ಮಿರ್ಚಿಯಾಗಿ ಬಾಣಲೆಗೆ ಬೀಳುವ ಮೆಣಸಿನಕಾಯಿ ಈ ನೆಲದ್ದಲ್ಲ. ಅದು ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಆಲೂಗಡ್ಡೆಯೂ ಹಾಗೆಯೇ, ಟೊಮೇಟೊವೂ ಹಾಗೆಯೇ. ನಿನ್ನೆಯ ಪರದೇಶಿ ಇಂದು ಮನೆಮಗ.

ಇನ್ನು ಗೋಬಿ ಮಂಚೂರಿ. ಹೆಸರು ಚೀನಾದ ಮಂಚೂರಿಯಾದ್ದು. ಅಲ್ಲಿಗೆ ಹೋಗಿ ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ. ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಕೋಳಿ ಮಂಚೂರಿ ಮಾಡಿದರು ಎಂಬುದು ಚಾಲ್ತಿಯಲ್ಲಿರುವ ಕಥೆ. ಕೋಳಿ ಹೋಗಿ ಹೂಕೋಸು ಬಂತು, ಹೂಕೋಸು ಊರೂರಿನ ಬಸ್ ನಿಲ್ದಾಣಕ್ಕೆ ಬಂತು. ಆದ್ದರಿಂದ ತಿಂಡಿಗೆ ಜಾತಿ-ಕುಲ ಕೇಳಿ ಪ್ರಯೋಜನವಿಲ್ಲ. ಕೇಳಬೇಕಾದ್ದು ಒಂದೇ: ಮಾಡುವವನಿಗೆ ಅದು ಬರುತ್ತದೆಯೇ? ಪ್ರಾಮಾಣಿಕವಾಗಿ ಮಾಡುತ್ತಾನೆಯೇ?

ಗುರುತಿಸುವ ಬಗೆ

ಮೊದಲನೆಯದು, ಪಟ್ಟಿ ನೋಡಿ. ಅರವತ್ತು ತಿಂಡಿಯ ಹೆಸರು ಬರೆದವನು ಅರವತ್ತನ್ನೂ ಚೆನ್ನಾಗಿ ಮಾಡಲಾರ. ಒಂದೇ ಕೆಂಪು ಸಾರು, ಒಂದೇ ಬಾಣಲೆ, ಹೆಸರು ಮಾತ್ರ ಬೇರೆ ಬೇರೆ. ಒಂದೋ ಎರಡೋ ಪದಾರ್ಥ ಇಟ್ಟುಕೊಂಡವನ ಹತ್ತಿರ ನಿಲ್ಲಿ. ಅವನು ಕೆಟ್ಟದಾಗಿ ಮಾಡಿದರೆ ಮರುದಿನ ಗಾಡಿ ತಳ್ಳಿಕೊಂಡು ಬರುವ ಹಾಗಿಲ್ಲ.

ಎರಡನೆಯದು, ಹೊತ್ತು ನೋಡಿ. ಬೆಳಿಗ್ಗೆ ಒಗ್ಗರಣೆ, ಮಧ್ಯಾಹ್ನ ರೊಟ್ಟಿ, ಸಂಜೆ ಮಿರ್ಚಿ. ಒಗ್ಗರಣೆಯ ಗುಟ್ಟು ನೀರಿನಲ್ಲಿದೆ. ಮಂಡಾಳನ್ನು ನೀರಿಗೆ ಹಾಕಿದ ಕೂಡಲೇ ಹಿಂಡಿ ತೆಗೆಯಬೇಕು, ತಡ ಮಾಡಿದರೆ ಮುದ್ದೆಯಾಗುತ್ತದೆ. ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣ ಬಿದ್ದ ಮೇಲೆ ಕೊನೆಗೆ ಪುಟಾಣಿ ಹಿಟ್ಟು ಉದುರಿಸಿ, ನಿಂಬೆಹಣ್ಣು ಹಿಂಡಬೇಕು. ಬೆಳಿಗ್ಗೆ ಆರಕ್ಕೆ ಕಲಸಿಟ್ಟದ್ದನ್ನು ಹನ್ನೊಂದಕ್ಕೆ ಕೊಟ್ಟರೆ ಅದು ಒಗ್ಗರಣೆಯಲ್ಲ, ಅಂಟು.

ಮೂರನೆಯದು, ತಿನ್ನುವವರನ್ನು ನೋಡಿ. ಹಮಾಲರು, ಆಟೋದವರು, ಡ್ರೈವರ್-ಕಂಡಕ್ಟರುಗಳು ದಿನವೂ ಹೊರಗೆ ತಿನ್ನುವವರು. ಕೆಟ್ಟ ಎಣ್ಣೆ ತಿಂದು ಹೊಟ್ಟೆ ಕೆಡಿಸಿಕೊಂಡರೆ ಅವರಿಗೆ ಆ ದಿನದ ಕೂಲಿ ಇಲ್ಲ. ಅವರು ನಿಂತ ಕಡೆ ನಂಬಿಕೆಯಿಂದ ನಿಲ್ಲಬಹುದು. ಅಲ್ಲಿ ಗಿರಾಕಿ ಹೆಚ್ಚು, ಬಾಣಲೆ ಬೇಗ ಖಾಲಿ, ಹಳಸಲು ಪುರುಸೊತ್ತೇ ಇಲ್ಲ.

ನಾಲ್ಕನೆಯದು, ಬಣ್ಣ ಮತ್ತು ಎಣ್ಣೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದುಕೊಂಡ 171 ಮಾದರಿಗಳಲ್ಲಿ 107 ತಿನ್ನಲು ಯೋಗ್ಯವಲ್ಲ ಎಂದು ಗೊತ್ತಾಗಿತ್ತು. ಬಾಂಬೆ ಮಿಠಾಯಿಯಲ್ಲಂತೂ ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣವೇ ಸಿಕ್ಕಿತು. ಕುಂಕುಮದಂತೆ ಕೆಂಪಗೆ ಹೊಳೆಯುವ ಗೋಬಿ ಕಂಡರೆ ದೂರದಿಂದಲೇ ಕೈ ಮುಗಿದು ಮುಂದೆ ಹೋಗಿ. ಹಾಗೆಯೇ ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದರೆ ಅದು ಕಪ್ಪಾಗಿ, ಮಂದವಾಗಿ, ಹೊಗೆ ಕಾರುತ್ತದೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ, ಕಣ್ಣು ಮೂಗು ಸಾಕು.

ಇನ್ನೊಂದು ಮಾತು. ಮಿರ್ಚಿಯನ್ನು ಸುದ್ದಿ ಕಾಗದದಲ್ಲಿ ಕಟ್ಟಬಾರದು, ಅಚ್ಚಿನ ಮಸಿ ಎಣ್ಣೆಗೆ ಹತ್ತಿ ಹೊಟ್ಟೆಗೆ ಹೋಗುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಂದೋ ಹೇಳಿದೆ. ಸಂಜೆ ಪತ್ರಿಕೆಗಳನ್ನು ಜನ ಓದಲಿ, ನುಂಗುವುದು ಬೇಡ.

ಹಂಪಿಯಲ್ಲಿ ಏನಾಗಿದೆ?

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ದೇಶ-ವಿದೇಶದವರು ಬಂದರು. ಅವರ ನಾಲಿಗೆಗೆ ತಕ್ಕಂತೆ ಊರಿನವರು ಕಲಿತರು. ಹಮ್ಮಸ್, ಫಲಾಫೆಲ್, ಪಾಸ್ತಾ, ಫ್ರೈಡ್ ರೈಸ್, ಬಾಳೆಹಣ್ಣಿನ ಪ್ಯಾನ್‌ಕೇಕ್. ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದ ಹುಡುಗರು ಇಸ್ರೇಲಿನ ತಿಂಡಿ ಮಾಡಿ ಇಸ್ರೇಲಿನವರಿಂದಲೇ ಭೇಷ್ ಅನಿಸಿಕೊಂಡರು. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ 2011ರ ಜುಲೈ 29ರಂದು ವಿರೂಪಾಕ್ಷ ಬಜಾರಿನ ಅಂಗಡಿ-ಮನೆಗಳಿಗೆ ಬುಲ್ಡೋಜರ್ ಬಂತು. ಮಂಟಪಗಳು ಉಳಿಯಬೇಕು, ಸರಿ. ಮಂಟಪದಲ್ಲಿ ಬದುಕು ಕಟ್ಟಿಕೊಂಡವರು? ಅವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಹೋದವು. ಕಾನೂನು ಕಾನೂನೇ, ಅದರ ಬಗ್ಗೆ ಜಗಳವಿಲ್ಲ. ಆದರೆ ಒಂದು ಒಲೆ ಕಿತ್ತಾಗ ಇಟ್ಟಿಗೆಯಷ್ಟೇ ಹೋಗುವುದಿಲ್ಲ. ಇಪ್ಪತ್ತು ವರ್ಷ ಕೈ ಪಳಗಿದ ಅಡುಗೆಯೂ ಹೋಗುತ್ತದೆ, ಗಿರಾಕಿಯೂ ಹೋಗುತ್ತಾನೆ.

ಹಂಪಿಗೆ ಹೋದವರು ಇಂದಿಗೂ ಒಂದು ಉಪಾಯ ಮಾಡಬಹುದು. ಪಟ್ಟಿ ಮಡಚಿಟ್ಟು, "ಯಕ್ಕಾ, ಇವತ್ತು ನಿಮ್ಮನ್ಯಾಗ ಏನ್ ಮಾಡೀರಿ?" ಎಂದು ಕೇಳಿ. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಕೆನೆ ಮೊಸರು. ಪಟ್ಟಿಯಲ್ಲಿ ಇಲ್ಲದ ಊಟವೇ ಆ ಮನೆಯ ಒಳ್ಳೆಯ ಊಟ. ಮಾಡಿದವರಿಗೂ ಮರ್ಯಾದೆ, ತಿಂದವರಿಗೂ ತೃಪ್ತಿ.

ಸಂಡೂರು, ಕಂಪ್ಲಿಗೂ ಇದೇ ಮಾತು. ಸಂಡೂರು ತಾಲ್ಲೂಕಿನ ದೋಣಿಮಲೈ ಗಣಿಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ದೇಶದ ನಾನಾ ಕಡೆಯ ಕೂಲಿಕಾರರು ಬಂದಿದ್ದಾರೆ. ಅವರ ಹಿಂದೆಯೇ ಅವರ ಊರಿನ ತಿಂಡಿಯೂ ಬರುತ್ತದೆ. ದೂರದ ಹುಡುಗ ತನ್ನವರಿಗಾಗಿ ಮಾಡಿದ ರೊಟ್ಟಿ-ಪಲ್ಯವನ್ನು ಒಮ್ಮೆ ತಿಂದು ನೋಡಿದರೆ ತಪ್ಪೇನು? ಕಂಪ್ಲಿ ತುಂಗಭದ್ರೆಯ ದಡದ ಭತ್ತದ ಸೀಮೆ. ಅಲ್ಲಿಗೆ ಹೋಗಿ ನೂಡಲ್ಸ್ ಹುಡುಕುವುದಕ್ಕಿಂತ ಬಿಸಿ ಅನ್ನ, ಹೊಳೆ ಮೀನಿನ ಸಾರು ಸಿಗುವ ಕಡೆ ಕೂರುವುದು ಜಾಣತನ.

ಅಂಗಡಿಕಾರರ ದೂರು ಸುಳ್ಳಲ್ಲ

"ನಾವು ಬಾಡಿಗೆ ಕಟ್ತೀವಿ, ಲೈಸೆನ್ಸ್ ಕಟ್ತೀವಿ, ತೆರಿಗೆ ಕಟ್ತೀವಿ. ಇವರು ಬಂದು ಅಂಗಡಿ ಬಾಗಿಲಿಗೇ ಗಾಡಿ ಹಚ್ಚತಾರ. ಗಿರಾಕಿ ಒಳಗ ಬರೋದು ಹೆಂಗ್ರೀ?" ಅಂಗಡಿಕಾರರ ಈ ಮಾತಿನಲ್ಲಿ ಹುರುಳಿದೆ. ಗಾಡಿ ಹೋದ ಮೇಲೆ ಉಳಿಯುವ ಎಂಜಲು ತಟ್ಟೆ, ಚರಂಡಿಗೆ ಸುರಿದ ನೀರು, ಮೂಸುವ ಹಂದಿ-ನಾಯಿ ಇವನ್ನು ಬೆಳಿಗ್ಗೆ ಬಾಗಿಲು ತೆಗೆಯುವ ಅಂಗಡಿಯವನೇ ನೋಡಬೇಕು.

ಆದರೆ ಗಾಡಿಯವನನ್ನು ಓಡಿಸಿದರೆ ಇದು ಮುಗಿಯುತ್ತದೆಯೇ? ಮಂತ್ರಿ ಬರುವ ದಿನ ಓಡಿಸುತ್ತಾರೆ, ಮಂತ್ರಿ ಹೋದ ಮರುದಿನ ಅವನು ಅಲ್ಲೇ ಇರುತ್ತಾನೆ. ಎಲ್ಲಿಗೆ ಹೋದಾನು? ಹೊಟ್ಟೆ ಅವನಿಗೂ ಇದೆ, ಬಸ್ಸಿನಿಂದ ಇಳಿದವರಿಗೂ ಇದೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ನಿಲ್ದಾಣಗಳಲ್ಲಿ ಗದ್ದಲ ಇನ್ನೂ ಹೆಚ್ಚಿದೆ. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಕಂಪ್ಲಿ ಬಸ್ಸಿಗೆ ಕಾಯುವ ತಾಯಿಗೆ ಹತ್ತು ನಿಮಿಷದಲ್ಲಿ, ಕೈಗೆಟಕುವ ದರದಲ್ಲಿ, ಶುಚಿಯಾದ ತಿಂಡಿ ಬೇಕು. ಅದನ್ನು ಗಾಜಿನ ಬಾಗಿಲಿನ ಹೋಟೆಲು ಕೊಡುತ್ತದೆಯೇ?

ಬೀದಿ ವ್ಯಾಪಾರಿಗಳ ಕಾನೂನು 2014ರಲ್ಲೇ ಬಂದಿದೆ. ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಪ್ರಮಾಣಪತ್ರ ಕೊಡಬೇಕು, ವ್ಯಾಪಾರದ ವಲಯ ಗುರುತಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತರಷ್ಟಾದರೂ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಊರಿನ ಜನಸಂಖ್ಯೆಯ ನೂರಕ್ಕೆ ಎರಡೂವರೆಯಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬಹುದು ಎಂಬುದು ಅದರ ಲೆಕ್ಕ. 2011ರ ಜನಗಣತಿಯಲ್ಲಿ ಹೊಸಪೇಟೆಯ ಜನಸಂಖ್ಯೆ 2,06,167. ಲೆಕ್ಕ ಹಾಕಿದರೆ ಐದು ಸಾವಿರಕ್ಕೂ ಮೇಲೆ! ಇದರ ಜೊತೆಗೆ 2020ರಿಂದ ಸ್ವನಿಧಿ ಯೋಜನೆಯಲ್ಲಿ ಗಾಡಿಯವರಿಗೆ ಮೊದಲ ಕಂತು ಹತ್ತು ಸಾವಿರ ರೂಪಾಯಿ ಸಾಲ ಸಿಗುವಂತಾಯಿತು. ಸಾಲ ತಂದು ಗಾಡಿ ಮಾಡಿದವನಿಗೆ ಗಾಡಿ ನಿಲ್ಲಿಸಲು ಜಾಗ ಕೊಡದಿದ್ದರೆ ಕಂತು ಕಟ್ಟುವುದು ಎಲ್ಲಿಂದ? ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ದಬ್ಬಿದ ಹಾಗೆ.

ಸಿಂಗಪುರ ಮಾಡಿದ್ದು

ಏಷ್ಯಾದ ತಿಂಡಿ ಎಂದರೆ ಎಲ್ಲರೂ ಹೆಸರು ಹೇಳುವ ಸಿಂಗಪುರದಲ್ಲಿಯೂ ಒಂದು ಕಾಲಕ್ಕೆ ಇದೇ ಪಾಡು. ಬೀದಿ ತುಂಬ ಗಾಡಿ, ಚರಂಡಿ ತುಂಬ ಎಂಜಲು. ಅಲ್ಲಿಯ ಸರ್ಕಾರ ಗಾಡಿಯವರನ್ನು ಲೆಕ್ಕ ಹಿಡಿದು, ಲೈಸೆನ್ಸ್ ಕೊಟ್ಟು, 1970ರ ದಶಕದಿಂದ ನಲ್ಲಿ, ಚರಂಡಿ, ದೀಪ, ಸೂರು ಇರುವ ಕಟ್ಟೆಗಳಿಗೆ ಕರೆತಂದಿತು. ಮಲಯದವನ ಪಕ್ಕ ಚೀನಾದವನು, ಅವನ ಪಕ್ಕ ತಮಿಳಿನವನು. ಒಬ್ಬೊಬ್ಬನದು ಒಂದೊಂದೇ ತಿಂಡಿ. 2016ರಲ್ಲಿ ಇಂಥ ಎರಡು ಅಂಗಡಿಗಳಿಗೆ ಜಗತ್ತಿನ ದೊಡ್ಡ ದೊಡ್ಡ ಹೋಟೆಲುಗಳು ಬಾಯಿ ಬಿಡುವ ಮಿಶೆಲಿನ್ ತಾರೆ ಸಿಕ್ಕಿತು. 2020ರಲ್ಲಿ ಯುನೆಸ್ಕೊ ಆ ಸಂಸ್ಕೃತಿಯನ್ನೇ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಗಾಡಿಯವನನ್ನು ಹೊರದಬ್ಬಿ ಗಾಜಿನ ಮನೆ ಕಟ್ಟಿದ್ದರೆ ಈ ಗೌರವ ಬರುತ್ತಿತ್ತೇ?

ಅಷ್ಟು ದೂರ ಹೋಗುವುದೂ ಬೇಡ. ಹಂಪಿಯ ರಾಜಾಂಗಣದ ಕಡೆ ಹೋಗುವ ದಾರಿಯಲ್ಲಿ ಕಲ್ಲಿನ ತಟ್ಟೆಗಳ ಸಾಲು ಇದೆ. ಎಲ್ಲರೂ ನೋಡಿರುತ್ತಾರೆ. ಉದ್ದಕ್ಕೆ ಕಾಲುವೆ, ಅದರ ಎರಡೂ ಕಡೆ ತಟ್ಟೆ, ತಟ್ಟೆಯಲ್ಲಿ ಪಲ್ಯ-ಸಾರಿಗೆ ಬೇರೆ ಬೇರೆ ಗುಣಿ. ಕೂತವರ ಮುಂದೆಯೇ ನೀರು ಹರಿಯುವ ಏರ್ಪಾಡು. ಸಾಲಾಗಿ ಊಟಕ್ಕೆ ಕೂರಿಸುವವರು ಮೊದಲು ನೀರಿನ ವ್ಯವಸ್ಥೆ ಮಾಡಬೇಕೆಂದು ವಿಜಯನಗರದವರಿಗೆ ತಿಳಿದಿತ್ತು. ಇಂದು ಅದೇ ನೆಲದಲ್ಲಿ ಮಿರ್ಚಿ ಮಾಡುವ ಹೆಂಗಸು ಎಲ್ಲಿಂದಲೋ ಪ್ಲಾಸ್ಟಿಕ್ ಕೊಡದಲ್ಲಿ ನೀರು ಹೊತ್ತು ತಂದು, ಅದರಲ್ಲೇ ಇಪ್ಪತ್ತು ತಟ್ಟೆ ತೊಳೆಯಬೇಕು. ತುಂಗಭದ್ರಾ ಅಣೆಕಟ್ಟಿನ ಪಕ್ಕದ ಊರಿನ ಕಥೆ ಇದು!

ಆದ್ದರಿಂದ ಫುಡ್ ಕೋರ್ಟ್ ಆಗುವುದಾದರೆ ಆಗಲಿ. ಆದರೆ ಲಕ್ಷಗಟ್ಟಲೆ ಠೇವಣಿ ಕೇಳಿ ದೊಡ್ಡ ಕುಳಗಳಿಗೆ ಹರಾಜು ಹಾಕುವುದು ಬೇಡ. ಹಾಗಾದರೆ ಅಲ್ಲಿ ಅರವತ್ತು ಹೆಸರಿನ ಅದೇ ಕೆಂಪು ಸಾರು ಸಿಗುತ್ತದೆ, ಒಗ್ಗರಣೆ ಮತ್ತೆ ಬೀದಿಯಲ್ಲೇ ಉಳಿಯುತ್ತದೆ. ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಜಾಗ, ಮೇಲೆ ಸೂರು, ನಾಲ್ಕು ನಲ್ಲಿ, ಮುಚ್ಚಿದ ಚರಂಡಿ, ಕಸದ ಡಬ್ಬಿ, ದೀಪ. ಈಗ ಬೀದಿಯಲ್ಲಿ ಇರುವವರಿಗೆ ಮೊದಲ ಹಕ್ಕು, ರೊಟ್ಟಿ ತಟ್ಟುವ ಹೆಂಗಸರಿಗೆ ಒಂದು ಸಾಲು. ಗಾಡಿಯವರೂ ಬಿಟ್ಟಿ ಕೇಳಬಾರದು, ದಿನದ ಶುಲ್ಕ ಕಟ್ಟಲಿ, ಬಣ್ಣ ಹಾಕಿ ಸಿಕ್ಕಿಬಿದ್ದರೆ ಜಾಗ ಬಿಡಲಿ. ಮೋಮೋ ಹುಡುಗನಿಗೂ ಜಾಗ ಇರಲಿ, ಮಿರ್ಚಿ ಅಕ್ಕನಿಗೂ ಇರಲಿ. ಅಂಗಡಿಯ ಬಾಗಿಲು ತೆರವಾಗುತ್ತದೆ, ಪ್ರಯಾಣಿಕರ ಹೊಟ್ಟೆ ತಣ್ಣಗಾಗುತ್ತದೆ, ನಗರಸಭೆಗೆ ನಾಲ್ಕು ಕಾಸು ಬರುತ್ತದೆ. ನಷ್ಟವಾಗುವುದು ಯಾರಿಗೆ? ರಸ್ತೆಯಲ್ಲಿ ಗಾಡಿಯವನನ್ನು ಹೆದರಿಸಿ ಕೈ ಬೆಚ್ಚಗೆ ಮಾಡಿಕೊಳ್ಳುವವರು ಇದ್ದರೆ, ಅವರಿಗೆ ಮಾತ್ರ.

ಸಂಬಂಧಪಟ್ಟವರು ಒಂದು ಸಂಜೆ ಜೀಪು ದೂರ ನಿಲ್ಲಿಸಿ, ನಡೆದು ಬಂದು, ಜನರ ನಡುವೆ ನಿಂತು ಒಂದು ತಟ್ಟೆ ಒಗ್ಗರಣೆ-ಮಿರ್ಚಿ ತಿನ್ನಲಿ. ತಿಂದ ಮೇಲೆ ಕೈ ತೊಳೆಯಲು ನೀರು ಎಲ್ಲಿದೆಯೆಂದು ಹುಡುಕಲಿ. ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.