ಮಾತಿನಾಟವೂ ಮನೆಯ ಕನ್ನಡವೂ

ದೊಡ್ಡವರು ಕೂಡಿ ಆಡತಕ್ಕ ಮಾತಿನ ಆಟಗಳು ಯಾವವು, ಅವುಗಳಲ್ಲಿ ಯಾವದನ್ನು ಆರಿಸಿಕೊಳ್ಳಬೇಕು ಎಂಬ ವಿಷಯವನ್ನು ಈ ವಾರ ವಾಚಕರ ಮುಂದಿಡುತ್ತೇವೆ. ಇಷ್ಟು ಸಣ್ಣ ಸಂಗತಿಗೆ ಪತ್ರಿಕೆಯ ಅಂಕಣವೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ನಾಲ್ಕು ಜನ ಕನ್ನಡಿಗರು ಒಂದು ಕಡೆಗೆ ಕುಳಿತು ಕನ್ನಡದ ಶಬ್ದಗಳೊಡನೆ ಆಡತೊಡಗಿದಾಗ, ಯಾವ ಕನ್ನಡವನ್ನು ಅವರು ಕನ್ನಡವೆಂದು ಒಪ್ಪುತ್ತಾರೆ, ಯಾವದನ್ನು ಹೊರಗೆ ನಿಲ್ಲಿಸುತ್ತಾರೆ ಎಂಬದು ತಾನೇ ಬಯಲಿಗೆ ಬರುವದು. ಆದ್ದರಿಂದ ಇದನ್ನು ನಾವು ಸಣ್ಣ ಸಂಗತಿಯೆಂದು ಎಣಿಸುವದಿಲ್ಲ.

ಈಚೆಗೆ ಕೆಲಗೇರಿಯ ಒಂದು ಮನೆಯ ಪಡಸಾಲೆಯಲ್ಲಿ ನಡೆದ ಘಟನೆಯೇ ನಮ್ಮನ್ನು ಈ ಲೇಖನಕ್ಕೆ ಹಚ್ಚಿತು. ಧಾರವಾಡದಿಂದ ಗೋವೆಯ ಹಾದಿಯಲ್ಲಿರುವ ಈ ಊರು ಈಗ ನಗರದ ಮೇರೆಯೊಳಗಿದೆ. ಹಳೆಯ ಒಕ್ಕಲು ಮನೆತನಗಳ ನೆರೆಯಲ್ಲಿಯೇ ನೌಕರಿಯ ಸಲುವಾಗಿ ಬೇರೆ ಜಿಲ್ಲೆಗಳಿಂದ ಬಂದವರೂ ನೆಲಸಿದ್ದಾರೆ. ಒಂದು ಸಂಜೆ ಕೆರೆಯ ಕಡೆಗೆ ತಿರುಗಾಡಿ ಬಂದ ಏಳೆಂಟು ಜನರು ಶಬ್ದಗಳ ಅಂತ್ಯಾಕ್ಷರಿಯನ್ನು ಆರಂಭಿಸಿದರು. ಪಂಚರ ಸ್ಥಾನವನ್ನು ನಮಗೆ ಕೊಟ್ಟರು. ಒಬ್ಬರು 'ಕಲಹ' ಎಂದರು. ಮುಂದಿನ ಸರದಿ ಒಕ್ಕಲು ಮನೆಯ ಹಿರಿಯ ತಾಯಿಯೊಬ್ಬರದು. ಅವರು ತಡಮಾಡದೆ 'ಹಗೇವು' ಎಂದರು.

ಮೈಸೂರ ಕಡೆಯ ತರುಣರೊಬ್ಬರು, "ಅಮ್ಮಾ, ಹಾಗೆಂಬ ಪದವೇ ಇಲ್ಲವಲ್ಲ!" ಎಂದರು.

"ಇಲ್ಲಂದ್ರ ಹ್ಯಾಂಗ ತಮ್ಮಾ? ನಮ್ಮ ಮನಿ ಮುಂದನ ಇತ್ತಲ್ಲೋ!" ಎಂದರು ಆ ತಾಯಿ.

ತರುಣರು ಮೊಬೈಲಿನಲ್ಲಿ ಯಾವದೋ ಸಣ್ಣ ಶಬ್ದಕೋಶವನ್ನು ತೆರೆದು ನೋಡಿದರು. ಅದರಲ್ಲಿ ಆ ಶಬ್ದ ಸಿಕ್ಕಲಿಲ್ಲ. ಅವರು ಕುಚೇಷ್ಟೆಗೆ ಹಾಗೆ ಮಾಡಿದವರಲ್ಲ. ಆಟದ ನಿಯಮವನ್ನು ನಡಿಸಿದರು, ಅಷ್ಟೇ. ನಾವೂ ಪುಸ್ತಕದ ಕಡೆಗೇ ತೀರ್ಪು ಕೊಟ್ಟೆವು. ಆ ತಾಯಿ ನಕ್ಕು ಸುಮ್ಮನಾದರು. ಆ ಸಂಜೆ ಮತ್ತೆ ಬಾಯಿ ತೆರೆಯಲಿಲ್ಲ. ಹಗೇವೆಂದರೆ ಜೋಳ ಮೊದಲಾದ ಕಾಳನ್ನು ಕೂಡಿಡುವ ನೆಲದೊಳಗಿನ ಕಣಜ. ಅದರ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋದ ಬಳಿಕವೇ ಆಳು ಇಳಿಯಬೇಕು. ಈ ಎಚ್ಚರದಲ್ಲಿ ಬೆಳೆದವರಿಗೆ 'ಅಂಥ ಶಬ್ದವಿಲ್ಲ' ಎಂದು ಹೇಳಿ ಕೂಡ್ರಿಸಿದೆವು. ನಮ್ಮ ತೀರ್ಪು ತಪ್ಪಾಗಿತ್ತೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಮಾತಿನ ಆಟವು ಮಕ್ಕಳಿಗೆ ಮಾತ್ರ ತಕ್ಕದ್ದೆಂಬ ಭಾವನೆ ಸುಶಿಕ್ಷಿತರಲ್ಲಿದೆ. ನಮ್ಮ ಪೂರ್ವಜರು ಹಾಗೆ ಎಣಿಸಲಿಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ಚದುರಂಗ ಪಗಡೆಗಳ ಪಂಕ್ತಿಯಲ್ಲಿಯೇ ಪ್ರಹೇಳಿಕೆಯನ್ನು, ಎಂದರೆ ಒಗಟನ್ನು, ಇಟ್ಟಿದ್ದಾನೆ. ಅರಮನೆಯ ಮಾತು ಹಾಗಿರಲಿ. ನಮ್ಮ ಹಳ್ಳಿಗಳಲ್ಲಿ ಲಾವಣಿಯ ಎರಡು ಮೇಳಗಳು ಬೆಳಗಾಗುವ ತನಕ ಸವಾಲು ಜವಾಬು ನಡಿಸುತ್ತ ಬಂದಿವೆ. ಮದುವೆಯ ಮನೆಯಲ್ಲಿ ಗಂಡನ ಹೆಸರನ್ನು ಪ್ರಾಸದಲ್ಲಿ ಅಡಗಿಸಿ ಒಡಪು ಹೇಳುವ ಹೆಣ್ಣುಮಗಳ ಜಾಣತನವನ್ನು ಈ ಭಾಗದಲ್ಲಿ ನೋಡದವರಿಲ್ಲ. ಆಡುವವರಿಗೆ ಬಡತನವಿಲ್ಲ. ಯಾವ ಆಟ, ಯಾವ ನಿಯಮ ಎಂಬದಷ್ಟೇ ಪ್ರಶ್ನೆ.

ಮೊದಲು ಹೊರಗಿನಿಂದ ಬಂದ ಆಟಗಳನ್ನು ನೋಡೋಣ. 1948ರಲ್ಲಿ ಅಮೇರಿಕೆಯಲ್ಲಿ 'ಸ್ಕ್ರ್ಯಾಬಲ್' ಎಂಬ ಹೆಸರು ಪಡೆದ ಆಟದಲ್ಲಿ 100 ಬಿಲ್ಲೆಗಳಿವೆ. 26 ಅಕ್ಷರಗಳ ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮಲ್ಲಿ 34 ವ್ಯಂಜನಗಳು ಕಾಗುಣಿತದಲ್ಲಿ ಬೆಳೆದು 400ಕ್ಕೂ ಮಿಕ್ಕುತ್ತವೆ. ಮೇಲೆ ಒತ್ತಕ್ಷರಗಳು ಬೇರೆ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳೂ ಒಂದು ಸ್ವರವೂ ಕೂಡಿವೆ. ಆ ಆಟವನ್ನು ಇದ್ದಂತೆಯೇ ತಂದರೆ ಆಡುವವರಿಗೆ ಬಿಲ್ಲೆ ಹುಡುಕುವದೇ ಕೆಲಸವಾದೀತು. 1913ರ ಡಿಸೆಂಬರದಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಹುಟ್ಟಿದ ಪದಬಂಧವು ಮಾತ್ರ ನಮ್ಮ ಪತ್ರಿಕೆಗಳಲ್ಲಿ ಚೆನ್ನಾಗಿ ಬೇರೂರಿದೆ. ಕಾರಣವೆಂದರೆ, ಒಂದು ಮನೆಗೆ ಒಂದು ಇಡಿಯ ಅಕ್ಷರವೆಂಬ ನಿಯಮವನ್ನು ಕನ್ನಡಿಗರು ತಮ್ಮ ಲಿಪಿಗೆ ತಕ್ಕಂತೆ ಮಾಡಿಕೊಂಡರು. ಆದರೂ ಅದು ಬಹುಶಃ ಒಬ್ಬನೇ ಸೀಸಕಡ್ಡಿ ಹಿಡಿದು ಆಡುವ ಆಟ. ಕೂಡಿ ಆಡುವದಾದರೆ ಒಬ್ಬರು ಸುಳಿವನ್ನು ಗಟ್ಟಿಯಾಗಿ ಓದಬೇಕು, ಮಿಕ್ಕವರು ಹೇಳಬೇಕು. ಆಗ ಓದಬಾರದವರೂ ಅದರಲ್ಲಿ ಪಾಲುಗೊಳ್ಳಬಹುದು.

ಇನ್ನು ಅಂತ್ಯಾಕ್ಷರಿ. ಇದು ಬಾಯಿಯ ಆಟ, ಆದ್ದರಿಂದ ಎಲ್ಲರಿಗೂ ಸಲ್ಲುವದು. ಆದರೆ ಕೊನೆಯ ಅಕ್ಷರವನ್ನು ಇದ್ದಕ್ಕಿದ್ದಂತೆ ಹಿಡಿಯಬೇಕೆಂದರೆ ಕನ್ನಡದಲ್ಲಿ ಆಟ ಬೇಗನೆ ಕಟ್ಟಿ ನಿಲ್ಲುವದು. ನಮ್ಮ ಶಬ್ದಗಳು ಹೆಚ್ಚಾಗಿ ಸ್ವರದಿಂದ ಮುಗಿಯುತ್ತವೆ, ಅದರಲ್ಲಿಯೂ ಉಕಾರಾಂತಗಳು ಬಹಳ. 'ಹಗಲು' ಎಂದವರ ಮುಂದಿನವರಿಗೆ 'ಲುಂಗಿ' ಒಂದು ಸಿಕ್ಕೀತು. ಎರಡನೆಯ ಸಲಕ್ಕೆ ಏನು ಮಾಡಬೇಕು? ಬರಿಯ ಲಕಾರವನ್ನು ಹಿಡಿದರೆ ಸಾಕೆಂದರೆ ಲಗ್ನ, ಲಾಳಿ, ಲೆಕ್ಕ, ಲೋಟ ಎಲ್ಲವೂ ಒದಗುವವು. 'ಣ', 'ಳ' ಗಳಿಂದ ನಮ್ಮ ಶಬ್ದಗಳು ಮೊದಲಾಗುವದಿಲ್ಲ. ಅವುಗಳಿಗೆ ಬದಲಾಗಿ 'ನ', 'ಲ' ಗಳನ್ನು ಹಿಡಿಯಬೇಕು. ಈ ಎರಡು ತಿದ್ದುಪಡಿಗಳಿಂದ ಆಟವು ಒಂದು ತಾಸು ಸುಗಮವಾಗಿ ನಡೆಯುವದು.

ಅವಧಾನ ಕಲೆಯಿಂದಲೂ ಎರವು ತರಬಹುದು. ಶತಾವಧಾನಿ ಆರ್. ಗಣೇಶರು ನಮ್ಮ ಕಾಲದಲ್ಲಿ ಈ ಕಲೆಗೆ ಕನ್ನಡದಲ್ಲಿ ಹೊಸ ಜೀವ ತಂದಿದ್ದಾರೆ. ಅದರಲ್ಲಿ 'ದತ್ತಪದಿ' ಎಂಬುದಿದೆ: ಕೇಳುವವರು ನಾಲ್ಕು ಪದಗಳನ್ನು ಕೊಡುವರು, ಅವಧಾನಿಯು ಅವುಗಳನ್ನು ಸೇರಿಸಿ ಪದ್ಯ ಕಟ್ಟಬೇಕು. 'ನಿಷೇಧಾಕ್ಷರಿ'ಯಲ್ಲಿ ಇಂಥ ಅಕ್ಷರ ಬರಕೂಡದೆಂದು ಅಡ್ಡಹಾಕುವರು. ಛಂದಸ್ಸು ಬಲ್ಲವರಿಗೆ ಅದು ವಿದ್ಯೆ. ನಮ್ಮ ನಿಮ್ಮಂಥವರು ಪದ್ಯವನ್ನು ಬಿಟ್ಟು, ಕೊಟ್ಟ ನಾಲ್ಕು ಶಬ್ದಗಳಿಂದ ಒಂದು ಸಣ್ಣ ಕತೆ ಹೇಳಿದರೆ, ಇಲ್ಲವೆ ಕಕಾರವಿಲ್ಲದೆ ಒಂದು ನಿಮಿಷ ಮಾತಾಡಿದರೆ, ಮನೆಯೆಲ್ಲ ನಗೆಯಿಂದ ತುಂಬುವದು.

ಇಲ್ಲಿ ಒಂದು ಆಟದ ವಿಷಯವಾಗಿ ನಮ್ಮ ಅಭಿಮಾನಿ ಮಿತ್ರರಿಗೆ ಅಪ್ರಿಯವಾದ ಮಾತನ್ನು ಹೇಳಬೇಕಾಗಿದೆ. ಪರಭಾಷೆಯ ಒಂದು ಶಬ್ದವೂ ಬಾರದಂತೆ ಮಾತಾಡಬೇಕು, ಬಂದರೆ ದಂಡ ತೆರಬೇಕು ಎಂಬ ಆಟವನ್ನು ಅನೇಕರು ಮೆಚ್ಚುತ್ತಾರೆ. ಉದ್ದೇಶವು ಒಳ್ಳೆಯದು. ಆದರೆ ದಂಡ ವಸೂಲು ಮಾಡುವವರು ಕುಳಿತ ಕುರ್ಚಿಯ ಹೆಸರು ಪಾರಸಿ ಅರಬಿಗಳ ಹಾದಿಯಿಂದ ಬಂದದ್ದು. ದಂಡದ ಪೆಟ್ಟಿಗೆಯ ಚಾವಿಯ ಹೆಸರು ಪೋರ್ತುಗೀಜರದು. ಅರ್ಜಿ, ಜಮೀನು, ವಕೀಲ ಇವನ್ನು ಬಿಟ್ಟು ನಮ್ಮ ಪೇಟೆಯ ಮನುಷ್ಯನು ಅರ್ಧ ದಿನ ಕಳೆಯಲಾರನು. ಮೇಲಾಗಿ ಈ ಆಟದಲ್ಲಿ ದಂಡ ತೆರುವವರು ಬಹುಮಟ್ಟಿಗೆ ಸಂಕೋಚದಿಂದಲೇ ಕನ್ನಡಕ್ಕೆ ಮರಳಿ ಬಂದ ತರುಣರು. ಅವರು ಎರಡನೆಯ ಸಲ ಬರುವದಿಲ್ಲ. ನಾಲಗೆಯನ್ನು ಕಟ್ಟುವ ಆಟಕ್ಕಿಂತ ನಾಲಗೆಯನ್ನು ಬಿಚ್ಚುವ ಆಟವೇ ಮೇಲೆಂದು ನಮ್ಮ ಮತ.

ಈಗ ಮುಖ್ಯ ಪ್ರಶ್ನೆ: ಯಾವ ಶಬ್ದ ಸಲ್ಲುವದು, ಯಾವದು ಸಲ್ಲದು? ನಿಘಂಟನ್ನೇ ನ್ಯಾಯಾಧೀಶನನ್ನಾಗಿ ಮಾಡುವದು ವಾಡಿಕೆ. ಕಿಟೆಲ್ ಸಾಹೇಬರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳಾಗಿ 1995ರಲ್ಲಿ ಮುಗಿಯಿತು. ಈ ಮಹಾಕಾರ್ಯಗಳಿಗೆ ನಾವು ತಲೆಬಾಗುತ್ತೇವೆ. ಆದರೆ ಅಷ್ಟು ಸಂಪುಟಗಳನ್ನು ಆಟದ ಚಾಪೆಯ ಮೇಲೆ ಯಾರೂ ತರುವದಿಲ್ಲ. ಅಲ್ಲಿಗೆ ಬರುವದು ಕೈಗೆ ಸಿಕ್ಕ ಸಣ್ಣ ಕೋಶ. ಆದ್ದರಿಂದ ನಾವು ಸೂಚಿಸುವ ನಿಯಮವಿದು: ಶಬ್ದ ಹೇಳಿದವರು ಅದರ ಅರ್ಥವನ್ನೂ, ಅದನ್ನು ಆಡುವ ಊರನ್ನೂ, ಆಡುವ ಒಂದು ವಾಕ್ಯವನ್ನೂ ಹೇಳಿದರೆ ಶಬ್ದ ಸಂದಿತು. ನಿಘಂಟು ಶಬ್ದದ ಪರವಾಗಿ ಸಾಕ್ಷಿ ಹೇಳಬಹುದು, ವಿರುದ್ಧವಾಗಿ ಹೇಳಕೂಡದು.

ಈ ನಿಯಮದಿಂದ ಸುಳ್ಳು ಶಬ್ದಗಳು ನುಗ್ಗಲಾರವೇ ಎಂದು ಶಾಲಾ ಮಾಸ್ತರರು ಕೇಳಬಹುದು. ಒಂದೆರಡು ನುಗ್ಗಬಹುದು. ಆಟದಲ್ಲಿ ಒಂದು ಹುಸಿ ಶಬ್ದ ಗೆದ್ದರೆ ಹೋಗುವದು ಒಂದು ಅಂಕ. ನಿಜವಾದ ಶಬ್ದ ಸೋತರೆ ಅದನ್ನಾಡುವ ಮನುಷ್ಯನೇ ಚಾಪೆಯಿಂದ ಎದ್ದುಹೋಗುತ್ತಾನೆ. ಎರಡನ್ನೂ ತೂಗಿ ನೋಡಿರಿ.

ಈ ನಿಯಮದ ಮೇಲೆಯೇ ಇನ್ನೊಂದು ಆಟವನ್ನು ಕಟ್ಟಬಹುದು. ಒಬ್ಬರು ಒಂದು ವಸ್ತುವನ್ನು ಮುಂದಿಡಬೇಕು. ಎರಡು ಪಂಗಡಗಳು ಅದಕ್ಕೆ ಕನ್ನಡನಾಡಿನಲ್ಲಿರುವ ಹೆಸರುಗಳನ್ನು ಊರುಸಹಿತ ಹೇಳಬೇಕು. ನಮ್ಮ ಉಳ್ಳಾಗಡ್ಡಿಯು ಬೆಂಗಳೂರಿನಲ್ಲಿ ಈರುಳ್ಳಿ, ಮಂಗಳೂರಿನಲ್ಲಿ ನೀರುಳ್ಳಿ. ನಮ್ಮ ಕಸಬರಿಗೆಯು ಮೈಸೂರಿನಲ್ಲಿ ಪೊರಕೆ, ದಕ್ಷಿಣ ಕನ್ನಡದಲ್ಲಿ ಹಿಡಿಸೂಡಿ. ನಮ್ಮ ಶೇಂಗಾ ಅಲ್ಲಿ ಕಡಲೆಕಾಯಿ, ಕರಾವಳಿಯಲ್ಲಿ ನೆಲಗಡಲೆ. ಈ ಆಟದಲ್ಲಿ ಬೇರೆ ಜಿಲ್ಲೆಯಿಂದ ಬಂದವರು ತಮ್ಮ ಪಂಗಡಕ್ಕೆ ಭಾರವಾಗದೆ ಬಲವಾಗುವರು. ಕಾಸರಗೋಡಿನಲ್ಲಿ, ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ, ತಾಳವಾಡಿಯಲ್ಲಿ ಕನ್ನಡಿಗರು ಇಂದಿಗೂ ಗಡಿಯಾಚೆಗಿದ್ದಾರೆ. ಅವರ ಮನೆಗಳಲ್ಲಿ ಕನ್ನಡವಾಡುವ, ಆದರೆ ಬೇರೆ ಭಾಷೆಯ ಶಾಲೆಯಲ್ಲಿ ಕಲಿತು ಕನ್ನಡ ಓದಬಾರದ ಮಕ್ಕಳು ದೊಡ್ಡವರಾಗಿದ್ದಾರೆ. ಅಂಥವರಿಗೆ ಕಾಗದದ ಆಟ ಒಂದು ಗೋಡೆ. ಬಾಯಿಯ ಆಟ ಒಂದು ಬಾಗಿಲು.

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ ಕಾಲದಲ್ಲಿ, ಈ ಭಾಗದ ಕನ್ನಡಿಗನು ಮರಾಠಿಯ ಮುಂದೆ ತನ್ನ ಮಾತಿಗೆ ತಾನೇ ನಾಚುತ್ತಿದ್ದನು. ಆ ನಾಚಿಕೆಯನ್ನು ಬಿಡಿಸಲು ಹಿರಿಯರು ಎಷ್ಟು ಬೆವರು ಸುರಿಸಿದರು! 1956ನೆಯ ನವೆಂಬರ 1ರಂದು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ನಾಡಿನ ಬಹುಭಾಗವು ಒಂದಾಯಿತು; 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಈಗ ಕನ್ನಡಿಗನು ಕನ್ನಡಿಗನ ಮುಂದೆಯೇ ತನ್ನ ಮನೆಯ ಮಾತಿಗೆ ನಾಚುವಂತೆ ಮಾಡಿದರೆ, ಆ ಹಿರಿಯರ ಶ್ರಮಕ್ಕೆ ನಾವು ತೋರಿದ ಗೌರವವೇನು?

ಆದ್ದರಿಂದ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೇ. ವಾರಕ್ಕೊಂದು ಸಂಜೆ ನೆರೆಹೊರೆಯವರನ್ನು ಕರೆಯಿರಿ. ಬಾಯಿಯಿಂದ ಆಡುವ ಆಟವನ್ನೇ ಆರಿಸಿರಿ. ಓದಿದವರನ್ನೂ ಓದದವರನ್ನೂ ಒಂದೇ ಪಂಗಡದಲ್ಲಿ ಕೂಡಿಸಿರಿ. ಹೊಸದಾಗಿ ಕೇಳಿದ ಶಬ್ದಗಳನ್ನು ಊರುಸಹಿತ ಒಂದು ವಹಿಯಲ್ಲಿ ಬರೆದಿಡಿರಿ. ನಾವು ಬರುವ ಭಾನುವಾರ ಮತ್ತೆ ಕೆಲಗೇರಿಗೆ ಹೋಗುವವರಿದ್ದೇವೆ. ಆ ತಾಯಿಯನ್ನು ಮೊದಲು ಕರೆದು ಕೂಡ್ರಿಸಿ, ಕಳೆದುಕೊಂಡ ಅಂಕವನ್ನು ಅವರಿಗೆ ಕೊಟ್ಟು, ನಮ್ಮ ವಹಿಯ ಮೊದಲನೆಯ ಸಾಲಿನಲ್ಲಿ 'ಹಗೇವು' ಎಂದು ಬರೆಯಲಿದ್ದೇವೆ.